ಲೂಪ್ (ಶಿಕಾಗೊ ರೈಲುಮಾರ್ಗ)

ಲೂಪ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಶಿಕಾಗೊ ನಗರದ ಕೇಂದ್ರ ವ್ಯಾಪಾರ ಪ್ರದೇಶವನ್ನು ಬಳಸಿ ಸಾಗುವ ಎತ್ತರಿಸಿದ ರೈಲುಮಾರ್ಗ. ಉತ್ತರದಲ್ಲಿ ಲೇಕ್, ಪೂರ್ವದಲ್ಲಿ ವಬಾಶ್, ದಕ್ಷಿಣದಲ್ಲಿ ವ್ಯಾನ್ ಬ್ಯೂರೆನ್ ಹಾಗೂ ಪಶ್ಚಿಮದಲ್ಲಿ ವೆಲ್ಸ್ ಬೀದಿಗಳ ಮೇಲೆ ಉಕ್ಕಿನ ಕಂಬಗಳ ಆಧಾರದಿಂದ ನಿಂತಿರುವ ಈ ಜೋಡಿಮಾರ್ಗದ ಸುತ್ತಳತೆ ಸುಮಾರು 2.88 ಕಿಲೋಮೀಟರ್. 1897ರಲ್ಲಿ ಪೂರ್ಣಗೊಂಡ ಈ ಮಾರ್ಗವು ಇಂದಿಗೂ ಬಳಕೆಯಲ್ಲಿದೆ.

ಹಿನ್ನೆಲೆ

ಶಿಕಾಗೊದ ಮೊದಲ ಎತ್ತರಿಸಿದ ರೈಲು 1892ರಲ್ಲಿ ಉಗಿಯಂತ್ರದ ಬಲದಿಂದ ಸಂಚಾರವನ್ನು ಆರಂಭಿಸಿತು. ಮುಂದಿನ ಮೂರು ವರ್ಷಗಳಲ್ಲಿ ಇನ್ನೆರಡು ಕಂಪನಿಗಳು ನಗರದ ಪಶ್ಚಿಮ ಭಾಗಕ್ಕೆ ಮಾರ್ಗಗಳನ್ನು ನಿರ್ಮಿಸಿದವು. ಆದರೆ ಪ್ರತಿಯೊಂದು ಕಂಪನಿಯ ರೈಲೂ ತನ್ನದೇ ಆದ ಕೊನೆಯ ನಿಲ್ದಾಣದಲ್ಲಿ ನಿಲ್ಲುತ್ತಿದ್ದುದರಿಂದ ಒಂದು ಮಾರ್ಗಕ್ಕೂ ಇನ್ನೊಂದಕ್ಕೂ ಸಂಪರ್ಕವಿರಲಿಲ್ಲ. ಇವುಗಳನ್ನು ಒಂದುಗೂಡಿಸುವ ಕಾರ್ಯವನ್ನು ಉದ್ಯಮಿ ಚಾರ್ಲ್ಸ್ ಟೈಸನ್ ಯರ್ಕೀಸ್ ಕೈಗೆತ್ತಿಕೊಂಡನು.

ನಿರ್ಮಾಣ

ಬೀದಿಯ ಮೇಲೆ ಇಂತಹ ಮಾರ್ಗವನ್ನು ಕಟ್ಟಲು ಆ ಬೀದಿಗೆ ಮುಖಮಾಡಿದ ಆಸ್ತಿಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನ ಭಾಗದ ಒಡೆಯರು ಸಮ್ಮತಿಸಬೇಕೆಂದು ಕಾನೂನು ವಿಧಿಸಿತ್ತು. ಬೆಳಕು ಮರೆಯಾಗಿ ಸದ್ದು ಹೆಚ್ಚುವುದೆಂಬ ಆತಂಕದಿಂದ ಹಲವರು ವಿರೋಧಿಸಿದರು. ಯರ್ಕೀಸನು ಬೀದಿಗಳನ್ನು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಹಂಚಿ, ತುಂಡು ತುಂಡಾಗಿ ಸಮ್ಮತಿಯನ್ನು ಪಡೆದನು. 1897ರ ಅಕ್ಟೋಬರ್ 3ರಂದು ಪೂರ್ಣ ವರ್ತುಲದಲ್ಲಿ ಸಂಚಾರ ಆರಂಭವಾಯಿತು.

ಸಂಚಾರ

1913ರಿಂದ 1969ರವರೆಗೆ ಎರಡೂ ಹಳಿಗಳ ಮೇಲೆ ರೈಲುಗಳು ಒಂದೇ ದಿಕ್ಕಿನಲ್ಲಿ, ಅಪ್ರದಕ್ಷಿಣವಾಗಿ ಚಲಿಸುತ್ತಿದ್ದವು. ಅನಂತರ ಎರಡೂ ದಿಕ್ಕುಗಳ ಸಂಚಾರ ಜಾರಿಗೆ ಬಂದಿತು. 1947ರಿಂದ ಮಾರ್ಗದ ಆಡಳಿತವು ಶಿಕಾಗೊ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ. ಕಂದು, ಹಸಿರು, ಕಿತ್ತಳೆ, ಗುಲಾಬಿ ಹಾಗೂ ನೇರಳೆ ಬಣ್ಣಗಳಿಂದ ಗುರುತಿಸಲಾದ ಮಾರ್ಗಗಳ ರೈಲುಗಳು ಇಲ್ಲಿ ಸಂಚರಿಸುತ್ತವೆ. ಕೆಂಪು ಮತ್ತು ನೀಲಿ ಮಾರ್ಗಗಳು ನಗರಕೇಂದ್ರವನ್ನು ಸುರಂಗದ ಮೂಲಕ ಹಾದುಹೋಗುತ್ತವೆ.

ಅಪಘಾತ

1977ರ ಫೆಬ್ರುವರಿ 4ರಂದು ವಬಾಶ್ ಮತ್ತು ಲೇಕ್ ಬೀದಿಗಳು ಕೂಡುವ ತಿರುವಿನಲ್ಲಿ ಒಂದು ರೈಲು ಮುಂದಿನ ರೈಲಿಗೆ ಹಿಂದಿನಿಂದ ಡಿಕ್ಕಿ ಹೊಡೆಯಿತು. ಬೋಗಿಗಳು ಹಳಿ ತಪ್ಪಿ ಬೀದಿಗೆ ಉರುಳಿದವು. 11 ಮಂದಿ ಮೃತಪಟ್ಟರು.

ಉಳಿವು

1970ರ ದಶಕದಲ್ಲಿ ಲೂಪನ್ನು ಕೆಡವಿ ಸುರಂಗಮಾರ್ಗವನ್ನು ನಿರ್ಮಿಸುವ ಯೋಜನೆಯು ಗಂಭೀರವಾಗಿ ಚರ್ಚೆಯಲ್ಲಿತ್ತು. ದಶಕದ ಅಂತ್ಯದಲ್ಲಿ ಅದನ್ನು ಕೈಬಿಡಲಾಯಿತು. ಬಳಿಕ ಹಳೆಯ ರಚನೆಯನ್ನು ದುರಸ್ತಿಗೊಳಿಸಿ ಉಳಿಸಿಕೊಳ್ಳುವ ಧೋರಣೆ ಬಲಗೊಂಡಿತು. 1897ರ ಕ್ವಿನ್ಸಿ ನಿಲ್ದಾಣವನ್ನು 1980ರ ದಶಕದಲ್ಲಿ ಮೂಲ ಸ್ವರೂಪಕ್ಕೆ ತರಲಾಯಿತು. 2017ರಲ್ಲಿ ಎರಡು ಹಳೆಯ ನಿಲ್ದಾಣಗಳ ಬದಲಿಗೆ ವಾಷಿಂಗ್ಟನ್–ವಬಾಶ್ ನಿಲ್ದಾಣವು ತೆರೆಯಿತು. ಒಂದು ಕಾಲಕ್ಕೆ ಬೀದಿಯ ಒಡೆಯರು ಬೇಡವೆಂದ ಈ ಮಾರ್ಗವು ಇಂದು ಶಿಕಾಗೊದ ಗುರುತುಗಳಲ್ಲಿ ಒಂದಾಗಿದೆ.