ಬಿದಿರ ಕೋಲೂ ಎಂಟು ಸಾವಿರದ ಗಾಳವೂ

ಮಗ ಬೆಂಗಳೂರಿನಿಂದ ತಂದ ಉದ್ದನೆಯ ಪೊಟ್ಟಣ ನೋಡಿ, ಕಿಟಕಿಯ ಪರದೆಗೆ ಸರಳು ತಂದಿರಬೇಕೆಂದು ಎಣಿಸಿದ್ದೆ. ನೋಡಿದರೆ ಗಾಳದ ಕೋಲು! ಕೋಲು, ರಾಟೆ, ಕೂದಲೆಳೆಯಂಥ ದಾರ ಎಲ್ಲ ಸೇರಿ ಎಂಟು ಸಾವಿರ ರೂಪಾಯಿ.

“ಯಾವ ಮೀನಿಗಪ್ಪ ಇದು?” ಎಂದೆ.

“ಸಣ್ಣ ಮೀನಿಗೇ ಅವ್ವ. ಪಕ್ಕೆ, ಜಿಲೇಬಿ.”

ಅಂಗೈಯಗಲದ ಮೀನಿಗೆ ಎಂಟು ಸಾವಿರವೇ! ಆ ದುಡ್ಡಿನಲ್ಲಿ ಎಷ್ಟು ಭಾನುವಾರ ಮೀನು ಸಾರು ಮಾಡಬಹುದಿತ್ತೆಂದು ಪಾಂಡವಪುರದ ನಮ್ಮ ಅಡುಗೆಮನೆಯಲ್ಲೇ ನಿಂತು ಲೆಕ್ಕ ಹಾಕಿದೆ.

ನನ್ನ ತವರು ಕೆ.ಆರ್. ಪೇಟೆ ಕಡೆ, ಹೇಮಾವತಿಯ ದಡ. ಅಪ್ಪನ ಗಾಳಕ್ಕೆ ಖರ್ಚೆಂದರೆ ಕೊಕ್ಕೆ ಮತ್ತು ತಂಗೂಸಿ ಮಾತ್ರ. ಕೋಲು ಹಿತ್ತಲ ಬಿದಿರು, ಬೆಂಡು ಒಣಗಿದ ಜೋಳದ ದಂಟು. ಎರೆಹುಳು ಅಗೆದು ಕೊಡುವುದು ನನ್ನ ಕೆಲಸ, ಗಾಳ ಹಾಕುವುದು ಅಣ್ಣನ ಕೆಲಸ. ಒಮ್ಮೆ ಕೋಲಿಗೆ ಕೈ ಹಾಕಿದ್ದಕ್ಕೆ ಅಜ್ಜಿ, “ಹೆಣ್ ಮಗು ಹೊಳೆ ದಡದಲ್ಲಿ ಕೂತು ಗಾಳ ಹಾಕದಾ?” ಎಂದು ಗದರಿದ್ದರು. ಮೀನು ಉಜ್ಜಿ ತೊಳೆಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ಮೀನು ಹಿಡಿಯುವುದನ್ನು ವಿನೋದವೆಂದು ಬಗೆದದ್ದು ಇಂದು ನಿನ್ನೆಯ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ಕ್ಕೇ ಒಂದು ಅಧ್ಯಾಯವಿದೆ. ಇಂಗ್ಲೆಂಡಿನಲ್ಲಿ ಗಾಳದ ಪುಸ್ತಕ ಮೊದಲು ಅಚ್ಚಾದದ್ದು 1496ರಲ್ಲಿ. ಮುಂದೆ ಬ್ರಿಟಿಷರು ಇಲ್ಲಿ ಬೆನ್ನು ಹತ್ತಿದ್ದು ದೊಡ್ಡ ಮೀನನ್ನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ ಸುಮಾರು 54 ಕಿಲೋ! ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಅಣೆಕಟ್ಟು, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಎಲ್ಲ ಸೇರಿ ಅದನ್ನು ಮೂಲೆಗೆ ತಳ್ಳಿದವು. ಜಿಲೇಬಿಯಾದರೋ 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ಮೀನು. ಈಗ ಎಲ್ಲ ಕೆರೆಯಲ್ಲೂ ಅದರದೇ ಸಂಸಾರ. ದೊಡ್ಡ ಮೀನು ಕಡಿಮೆಯಾದಲ್ಲಿ ಕೋಲೂ ಹಗುರವಾಯಿತೇನೋ!

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿ ಗಾಳ ಹಾಕುವಂತಿಲ್ಲ. ಹಾಗಾಗಿ ನಾಗಮಂಗಲದ ಅತ್ತಿಗೆಯ ಊರಿನ ಕೆರೆಗೆ, ಗುತ್ತಿಗೆದಾರರನ್ನು ಕೇಳಿಕೊಂಡೇ ಹೋದೆವು. ಮಗ ಎರಡು ಸಲ ಎಸೆದು ತೋರಿಸಿ, “ಹಿಡ್ಕೋ ಅವ್ವ” ಎಂದು ಕೋಲನ್ನು ನನ್ನ ಕೈಗಿಟ್ಟ. ಸಾರಿನ ಸೌಟಿನಷ್ಟೇ ಭಾರ. ಸುತ್ತಲೂ ನೋಡಿದೆ, ಗದರಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತುದಿ ನಡುಗಿತು. ಅಂಗೈಯಗಲದ ಜೀವವೊಂದು ಎಳೆದದ್ದು ಮೊಣಕೈವರೆಗೆ ತಿಳಿಯಿತು. ಅರವತ್ತರ ಹೆಂಗಸು ನಾನು, ಕೂಗಿಯೇಬಿಟ್ಟೆ.

ಪಕ್ಕದಲ್ಲಿ ಬಿದಿರ ಕೋಲಿನ ಹುಡುಗನೊಬ್ಬ ಆ ಸಂಜೆ ಹನ್ನೊಂದು ಹಿಡಿದ, ನಾವು ನಾಲ್ಕು. ಸಾರಿಗಾದರೆ ಬಿದಿರೇ ಸಾಕು, ಅದರಲ್ಲಿ ಅನುಮಾನವಿಲ್ಲ. ಹಗುರ ಕೋಲಿನಿಂದ ಸಣ್ಣ ಎರೆಯನ್ನೂ ದೂರಕ್ಕೆ ಎಸೆಯಬಹುದು, ತೆಳು ದಾರ ಮೀನಿನ ಕಣ್ಣಿಗೆ ಸುಲಭವಾಗಿ ಬೀಳದು. ಆದರೆ ದಡದ ಮೀನಿಗೆ ಅದೆಲ್ಲ ಬೇಕಿಲ್ಲ. ಎಂಟು ಸಾವಿರ ಕೊಟ್ಟದ್ದು ಮೀನಿಗಲ್ಲ, ಆ ನಡುಕಕ್ಕೆ. ಅಂಥ ವಿನೋದ ಒಂದು ಕಾಲಕ್ಕೆ ದೊರೆಗಿತ್ತು, ಆಮೇಲೆ ದೊರೆಗಳಿಗಿತ್ತು, ನಮ್ಮನೆಯಲ್ಲಿ ಅಣ್ಣನಿಗಿತ್ತು. ನನ್ನ ಪಾಲಿಗೆ ಬರಲು ಇಷ್ಟು ವರ್ಷ ಬೇಕಾಯಿತು.

ಮಗನ ಕೋಲು ಅವನೊಡನೆ ಬೆಂಗಳೂರಿಗೆ ಹೋಯಿತು. ಮಾರನೆಯ ದಿನವೇ ತವರಿಗೆ ಫೋನ್ ಮಾಡಿ ಹಿತ್ತಲ ಬಿದಿರಿನಲ್ಲಿ ಒಂದು ಕೋಲು ಕಡಿದಿಡಲು ಹೇಳಿದೆ. “ಯಾರಿಗೆ?” ಎಂದ ಅಣ್ಣ. “ನನಗೇ ಕಣಣ್ಣ” ಎಂದೆ.