ಬೆಂಗಳೂರು ಪೆರಿಫೆರಲ್ ವರ್ತುಲ ರಸ್ತೆ: ಭೂಸ್ವಾಧೀನದ ಹಣಕಾಸು ಮತ್ತು ಪರಿಹಾರ ಪಡೆಯುವ ವಿಧಾನ

ಪೆರಿಫೆರಲ್ ವರ್ತುಲ ರಸ್ತೆಯು ತುಮಕೂರು ರಸ್ತೆಯಿಂದ ಹೊರಟು, ಬಳ್ಳಾರಿ ರಸ್ತೆ ಹಾಗೂ ಹಳೇ ಮದರಾಸು ರಸ್ತೆಗಳನ್ನು ದಾಟಿ, ಹೊಸೂರು ರಸ್ತೆಯನ್ನು ಸೇರುವ ಸುಮಾರು 73 ಕಿ.ಮೀ. ಉದ್ದದ ಯೋಜನೆಯಾಗಿರುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇದಕ್ಕಾಗಿ 2005ರಲ್ಲಿ ಪ್ರಾಥಮಿಕ ಅಧಿಸೂಚನೆಯನ್ನೂ, 2007ರಲ್ಲಿ ಸುಮಾರು 1,810 ಎಕರೆ ಜಮೀನಿಗೆ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿತು. ಇತ್ತೀಚೆಗೆ ಯೋಜನೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೆಸರಿಡಲಾಗಿದೆ.

ಭೂಮಿಯ ಹಣ

ಈ ಯೋಜನೆಯಲ್ಲಿ ರಸ್ತೆಗಿಂತ ನೆಲವೇ ದುಬಾರಿ. ಸುಮಾರು 27,000 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಭೂಮಿಯ ಪಾಲೇ ಸುಮಾರು 21,000 ಕೋಟಿ ರೂಪಾಯಿ ಆಗಿತ್ತು. ನಿವೇಶನಗಳ ಹಂಚಿಕೆ, ಮೂಲೆ ನಿವೇಶನಗಳ ಹರಾಜು ಮುಂತಾದವುಗಳಿಂದ ಆದಾಯ ಪಡೆಯುವ ಪ್ರಾಧಿಕಾರಕ್ಕೆ ಇಷ್ಟು ಮೊತ್ತವನ್ನು ಸ್ವಂತ ನಿಧಿಯಿಂದ ಭರಿಸುವುದು ಸಾಧ್ಯವಿರಲಿಲ್ಲ. ಜಪಾನಿನ ಜೈಕಾದಂತಹ ಸಂಸ್ಥೆಗಳು ಕಾಮಗಾರಿಗೆ ಸಾಲ ನೀಡಿದರೂ ಭೂಮಿಯ ಬೆಲೆಯನ್ನು ಅರ್ಹ ವೆಚ್ಚವೆಂದು ಪರಿಗಣಿಸುವುದಿಲ್ಲ. ಆದುದರಿಂದ ಹುಡ್ಕೊ ಸಂಸ್ಥೆಯಿಂದ ಸಾಲ ಪಡೆಯುವ ಮಾರ್ಗವನ್ನು ಅನುಸರಿಸಲಾಯಿತು. ಹಣ ಹೊಂದಿಸುವುದರಲ್ಲಿ ವರ್ಷಗಳು ಕಳೆದಂತೆ, ಅಧಿಸೂಚಿತ ಜಮೀನನ್ನು ಮಾರಲೂ ಆಗದೆ, ಕಟ್ಟಡ ಪರವಾನಗಿಯೂ ದೊರೆಯದೆ ರೈತ ಕುಟುಂಬಗಳು ಕಾಯಬೇಕಾಯಿತು.

ಅನ್ವಯವಾಗುವ ಕಾನೂನು

2013ರ ಭೂಸ್ವಾಧೀನ ಕಾಯ್ದೆಯ ದರದಲ್ಲಿ ಪರಿಹಾರ ದೊರೆಯುವುದೆಂಬ ನಿರೀಕ್ಷೆ ಅನೇಕರಲ್ಲಿತ್ತು. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 1976ರಡಿ ನಡೆಯುವ ಸ್ವಾಧೀನಕ್ಕೆ ಸದರಿ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ತೀರ್ಮಾನಿಸಿತು. ಅದರಂತೆ 1894ರ ಕಾಯ್ದೆಯ ಕ್ರಮವೇ ಉಳಿಯುತ್ತದೆ. ಈ ಕ್ರಮದಲ್ಲಿ ಮಾರುಕಟ್ಟೆ ಬೆಲೆಯನ್ನು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ ಲೆಕ್ಕ ಹಾಕಿ, ಅದರ ಮೇಲೆ ಶೇ. 30ರಷ್ಟು ಸಾಂತ್ವನ ಮೊತ್ತವನ್ನೂ, ಐತೀರ್ಪು ಅಥವಾ ಸ್ವಾಧೀನದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ವಾರ್ಷಿಕ ಶೇ. 12ರಷ್ಟು ಹೆಚ್ಚುವರಿ ಮೊತ್ತವನ್ನೂ ಸೇರಿಸಲಾಗುತ್ತದೆ. ಸ್ವಾಧೀನ ಪಡೆದೂ ಹಣ ನೀಡದಿದ್ದಲ್ಲಿ ಮೊದಲ ವರ್ಷ ಶೇ. 9, ಅನಂತರ ಶೇ. 15ರ ಬಡ್ಡಿ ಸಲ್ಲುತ್ತದೆ. ಎರಡು ದಶಕ ಹಿಂದಿನ ಬೆಲೆಯೇ ಆಧಾರವಾಗುವುದರಿಂದ ಭೂಮಾಲೀಕರ ಅಸಮಾಧಾನ ಸಹಜವಾದುದೇ.

ನಗದು ಮತ್ತು ಇತರ ಆಯ್ಕೆಗಳು

ನಗದಿನ ಹೊರೆಯನ್ನು ತಗ್ಗಿಸಿ ಭೂಮಾಲೀಕರನ್ನು ಒಪ್ಪಿಸುವ ಸಲುವಾಗಿ ರಾಜ್ಯ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಹಲವು ಆಯ್ಕೆಗಳಿಗೆ ಅನುಮೋದನೆ ನೀಡಿತು. ನಗದು ಪರಿಹಾರವಲ್ಲದೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು (ಟಿಡಿಆರ್), ಹೆಚ್ಚುವರಿ ನೆಲ ವಿಸ್ತೀರ್ಣ ಪ್ರಮಾಣ, ಅಭಿವೃದ್ಧಿಪಡಿಸಿದ ವಾಣಿಜ್ಯ ಭೂಮಿ ಹಾಗೂ ವಸತಿ ನಿವೇಶನ ಇವುಗಳಲ್ಲಿ ಸೇರಿವೆ. ಟಿಡಿಆರ್ ಎಂಬುದು ಹಣವಲ್ಲ. ಬೇರೆಡೆ ಹೆಚ್ಚು ಕಟ್ಟುವ ಹಕ್ಕಿನ ಪ್ರಮಾಣಪತ್ರ. ಕೊಳ್ಳುವ ಬಿಲ್ಡರ್ ದೊರೆತಾಗಲೇ ಅದು ನಗದಾಗುತ್ತದೆ, ಅದರ ಬೆಲೆಯೂ ಏರಿಳಿಯುತ್ತದೆ. ಅಭಿವೃದ್ಧಿಪಡಿಸಿದ ಭೂಮಿಗೂ ಕಾಲಾವಕಾಶ ಬೇಕಾಗುತ್ತದೆ. ಕೆಲವೇ ಗುಂಟೆ ಜಮೀನಿನ ಮೇಲೆ ಜೀವನ ನಡೆಸುವ ಕುಟುಂಬವು ಇದನ್ನು ವಿವೇಚಿಸಿಯೇ ಆಯ್ಕೆ ಮಾಡುವುದು ಲೇಸು. ಒಪ್ಪಂದದ ಐತೀರ್ಪಿಗೆ ಸಹಿ ಮಾಡಿದ ನಂತರ ಹೆಚ್ಚುವರಿ ಪರಿಹಾರ ಕೋರಲು ಅವಕಾಶವಿರುವುದಿಲ್ಲ.

ಅರ್ಜಿದಾರರ ಗಮನಕ್ಕೆ

ಪರಿಹಾರ ಕೋರುವವರು ಪ್ರಾಧಿಕಾರದ ವಿಶೇಷ ಭೂಸ್ವಾಧೀನಾಧಿಕಾರಿಯವರ ಮುಂದೆ ಹಕ್ಕನ್ನು ಸ್ಥಾಪಿಸಬೇಕಾಗುತ್ತದೆ. ಪಹಣಿ, ಮ್ಯುಟೇಶನ್ ಪ್ರತಿ, ಕ್ರಯಪತ್ರ ಅಥವಾ ವಿಭಾಗಪತ್ರ, ಋಣಭಾರ ಪತ್ರ, ವಂಶವೃಕ್ಷ, ಸರ್ವೆ ನಕ್ಷೆ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಖಾತೆ ಉಳಿದಿದ್ದಲ್ಲಿ ಪೌತಿ ಖಾತೆಯನ್ನು ಮೊದಲೇ ಮಾಡಿಸಿಕೊಳ್ಳತಕ್ಕದ್ದು. ವಿಳಂಬವಾಗುವ ಕಡತಗಳಲ್ಲಿ ಇಂತಹವು ಸಾಮಾನ್ಯ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಕೊಂಡವರ ಹಕ್ಕು 1978ರ ಕಾಯ್ದೆಯನ್ವಯ ಪ್ರಶ್ನಾರ್ಹವಾಗುತ್ತದೆ. 'ಬಿ' ಖರಾಬು ಸಾರ್ವಜನಿಕ ಉಪಯೋಗದ ಜಮೀನಾದುದರಿಂದ ಅದರ ಬೆಲೆ ಪಹಣಿದಾರರಿಗೆ ಸಲ್ಲುವುದಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಿನ ವಿವಾದವಿದ್ದರೆ ಹಣವನ್ನು ಸಿವಿಲ್ ನ್ಯಾಯಾಲಯದಲ್ಲಿ ಠೇವಣಿ ಇಡಲಾಗುತ್ತದೆ. ಅಲ್ಲಿ ತೀರ್ಮಾನವಾಗುವವರೆಗೆ ಯಾರ ಕೈಗೂ ಬರುವುದಿಲ್ಲ.

ಐತೀರ್ಪಿನ ಮೊತ್ತ ಕಡಿಮೆಯೆಂದು ಭಾವಿಸುವವರು 'ಆಕ್ಷೇಪಣೆಗೊಳಪಟ್ಟು ಸ್ವೀಕರಿಸಲಾಗಿದೆ' ಎಂದು ಬರೆದೇ ಹಣ ಪಡೆಯತಕ್ಕದ್ದು. ಹಾಗೆ ಬರೆಯದೆ ಪಡೆದವರಿಗೆ ಕಲಂ 18ರಡಿ ನ್ಯಾಯಾಲಯದ ಉಲ್ಲೇಖ ಕೋರುವ ಹಕ್ಕು ಇರುವುದಿಲ್ಲ. ಕರ್ನಾಟಕದ ತಿದ್ದುಪಡಿಯಂತೆ ಈ ಅರ್ಜಿಯನ್ನು ಐತೀರ್ಪಿನ ನೋಟೀಸು ಜಾರಿಯಾದ ದಿನದಿಂದ 90 ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬೇಕು. ನೋಟೀಸು ತಲುಪಿದ ದಿನಾಂಕವನ್ನು ಅದರ ಮೇಲೆಯೇ ಗುರುತಿಸಿಟ್ಟುಕೊಂಡು, ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆಯತಕ್ಕದ್ದು.