ಗೆರೆಯೊಳಗಿನ ದಿಲ್ಲಿ, ಗೆರೆಯಾಚೆಗಿನ ದಿಲ್ಲಿ

ಊರಿನಿಂದ ಬಂದ ನೆಂಟರು "ನಿಮ್ಮ ಮನೆ ದಿಲ್ಲಿಯಲ್ಲಿ ಎಲ್ಲಿ ಬರುತ್ತೆ?" ಅಂತ ಕೇಳಿದರೆ "ದ್ವಾರಕಾ" ಅಂದು ಸುಮ್ಮನಾಗುತ್ತೇನೆ. ಪೂರ್ತಿ ಉತ್ತರ ಹೇಳಲು ಹೊರಟರೆ ಕಾಫಿ ಆರಿಹೋಗುತ್ತದೆ. ಕಂದಾಯದ ಲೆಕ್ಕದಲ್ಲಿ ನನ್ನ ಮನೆ ಇರುವುದು ನೈಋತ್ಯ ಜಿಲ್ಲೆಯಲ್ಲಿ. ಕಸ, ಚರಂಡಿ, ಮನೆ ತೆರಿಗೆಯ ಲೆಕ್ಕದಲ್ಲಿ ಮಹಾನಗರಪಾಲಿಕೆಯ ನಜಫ್‌ಗಢ ವಲಯದಲ್ಲಿ. ಲೋಕಸಭೆಗೆ ನಾನು ಮತ ಹಾಕುವುದು ಪಶ್ಚಿಮ ದಿಲ್ಲಿ ಕ್ಷೇತ್ರದಲ್ಲಿ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಡಿಡಿಎಯ ನಕ್ಷೆಯಲ್ಲಿ ನಮ್ಮ ಬಡಾವಣೆಯ ಹೆಸರು ಕೆ-2. ಪೊಲೀಸರಿಗೆ ದ್ವಾರಕಾ ಅನ್ನುವುದೇ ಒಂದು ಪ್ರತ್ಯೇಕ ಜಿಲ್ಲೆ. ಇಷ್ಟು ಸಾಲದು ಅಂತ 2012ರಿಂದ 2022ರವರೆಗೆ ಹತ್ತು ವರ್ಷ ನಾವು ದಕ್ಷಿಣ ದಿಲ್ಲಿ ಪಾಲಿಕೆಯವರಾಗಿದ್ದೆವು. ಒಂದೇ ಮನೆ, ನೈಋತ್ಯ, ಪಶ್ಚಿಮ, ದಕ್ಷಿಣ ಎಲ್ಲವೂ ಹೌದು.

ನಮ್ಮ ಕಡೆ ಈ ವಿಷಯ ಸರಳ. ಗ್ರಾಮ ಹೋಬಳಿಯೊಳಗೆ, ಹೋಬಳಿ ತಾಲ್ಲೂಕಿನೊಳಗೆ, ತಾಲ್ಲೂಕು ಜಿಲ್ಲೆಯೊಳಗೆ. ಡಬ್ಬಿಯೊಳಗೊಂದು ಡಬ್ಬಿ ಇಟ್ಟ ಹಾಗೆ. ದಿಲ್ಲಿಯದು ಹಾಗಲ್ಲ. ಒಂದೇ ಹಾಳೆಯ ಮೇಲೆ ಐದಾರು ಯಜಮಾನರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಹೋಗಿದ್ದಾರೆ. ಯಾವ ಗೆರೆಯನ್ನು ಯಾರು ಎಳೆದರು, ಯಾಕೆ ಎಳೆದರು ಅನ್ನುವುದರಲ್ಲಿ ಈ ಊರಿನ ನೂರು ವರ್ಷಕ್ಕೂ ಮಿಕ್ಕಿದ ಕಥೆಯಿದೆ. ಕೇಂದ್ರ ಸರ್ಕಾರದ ನೌಕರಿ ಹಿಡಿದು ಇಲ್ಲಿಗೆ ಬಂದ ನಮ್ಮಂಥ ಕನ್ನಡದ ಗುಮಾಸ್ತರ ಬದುಕೂ ಆ ಗೆರೆಗಳ ಪ್ರಕಾರವೇ ನಡೆದದ್ದು.

1857ರ ದಂಗೆ ಅಡಗಿದ ಮೇಲೆ, 1858ರಲ್ಲಿ ಬ್ರಿಟಿಷರು ದಿಲ್ಲಿಯನ್ನು ಪಂಜಾಬಿಗೆ ಸೇರಿಸಿದರು. ಮೊಗಲರ ರಾಜಧಾನಿ ಪಂಜಾಬಿನ ಒಂದು ಜಿಲ್ಲಾ ಕೇಂದ್ರವಾಯಿತು. 1863ರಲ್ಲಿ ಹಳೇ ಊರಿಗೊಂದು ಪುರಸಭೆ ಬಂತು. 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ಇಲ್ಲಿಗೆ ತರುವುದಾಗಿ ಸಾರಿದ. ರಾಜಧಾನಿ ಇನ್ನೊಂದು ಪ್ರಾಂತ್ಯದ ಹೊಟ್ಟೆಯೊಳಗೆ ಇರುವುದು ಹೇಗೆ? ಹಾಗಾಗಿ 1912ರ ಅಕ್ಟೋಬರ್ 1ರಂದು ದಿಲ್ಲಿ ತಹಸೀಲನ್ನೂ ಮೆಹ್ರೌಲಿ ಠಾಣೆಯನ್ನೂ ಪಂಜಾಬಿನಿಂದ ಕತ್ತರಿಸಿ ಚೀಫ್ ಕಮಿಷನರ್ ಕೈಕೆಳಗೆ ಒಂದು ಪುಟ್ಟ ಪ್ರಾಂತ್ಯ ಮಾಡಿದರು. 1915ರಲ್ಲಿ ಯಮುನೆಯಾಚೆಯ 65 ಹಳ್ಳಿಗಳನ್ನು ಮೀರತ್ ಜಿಲ್ಲೆಯಿಂದ ತಂದು ಅಂಟಿಸಿದರು. ಇವತ್ತು ಶಹದರಾ, ಮಯೂರ ವಿಹಾರ ಇರುವ ನೆಲ ಅದು. ಹಳಬರು ಈಗಲೂ ಅದನ್ನು "ಜಮ್ನಾಪಾರ್" ಅಂತ ಸ್ವಲ್ಪ ಮೂಗು ಮುರಿದೇ ಕರೆಯುತ್ತಾರೆ. ಹೊಳೆಯಾಚೆಯವರು ಅಂದರೆ ಎಲ್ಲ ಊರಿನಲ್ಲೂ ಅಷ್ಟಕ್ಕಷ್ಟೇ ಇರಬೇಕು.

ಆದರೆ ದಿಲ್ಲಿಯ ನಿಜವಾದ ಗೆರೆ ಎಳೆದದ್ದು 1916ರಲ್ಲಿ. ರೈಸಿನಾ ಗುಡ್ಡದ ಸುತ್ತ ಲುಟ್ಯೆನ್ಸ್ ಮತ್ತು ಬೇಕರ್ ಹೊಸ ಊರು ಕಟ್ಟುತ್ತಿದ್ದರು. ಆ ಹೊಸ ಊರನ್ನು ಹಳೇ ಪುರಸಭೆಗೆ ಒಪ್ಪಿಸದೆ ಅದಕ್ಕೇ ಬೇರೆ ಸಮಿತಿ ಮಾಡಿದರು: ರೈಸಿನಾ ಮುನಿಸಿಪಲ್ ಕಮಿಟಿ. ಮೊದಮೊದಲು ಅದರ ಕೆಲಸ ಕಟ್ಟಡದ ಕೂಲಿಗಳ ಶಿಬಿರ ನೋಡಿಕೊಳ್ಳುವುದು. 1927ರಲ್ಲಿ ಅದಕ್ಕೆ ನ್ಯೂ ಡೆಲ್ಲಿ ಮುನಿಸಿಪಲ್ ಕಮಿಟಿ ಅಂತ ಹೆಸರಾಯಿತು. ಇವತ್ತಿನ ಎನ್‌ಡಿಎಂಸಿ ಇದರದೇ ಸಂತಾನ. ಕನ್ಾಟ್ ಪ್ಲೇಸಿನ ಜಾಗದಲ್ಲಿದ್ದ ಹಳ್ಳಿಗಳ ಜನರನ್ನು ಎಬ್ಬಿಸಿ ಗೆರೆಯಾಚೆ ಕರೋಲ್‌ಬಾಗಿಗೆ ಕಳಿಸಿದರು. ಮುಂದೆ ದಕ್ಷಿಣದಿಂದ ನೌಕರಿಗೆ ಬಂದವರು ಬಾಡಿಗೆಗೆ ಕೋಣೆ ಹುಡುಕಿಕೊಂಡು ಹೋದದ್ದೂ ಅದೇ ಕರೋಲ್‌ಬಾಗಿಗೆ.

ಲೆಕ್ಕ ನೋಡಿ. ದಿಲ್ಲಿಯ ಒಟ್ಟು ವಿಸ್ತೀರ್ಣ 1,483 ಚದರ ಕಿಲೋಮೀಟರ್. ಅದರಲ್ಲಿ ಎನ್‌ಡಿಎಂಸಿಯದು ಸುಮಾರು 43. ಸೈನ್ಯದ ಕಂಟೋನ್ಮೆಂಟ್ ಬೋರ್ಡಿನದೂ ಹತ್ತಿರ ಹತ್ತಿರ ಅಷ್ಟೇ. ಮಿಕ್ಕ 1,397 ಚದರ ಕಿಲೋಮೀಟರ್ ದಿಲ್ಲಿ ಮಹಾನಗರಪಾಲಿಕೆಯದು. 2011ರ ಜನಗಣತಿಯ ಪ್ರಕಾರ ದಿಲ್ಲಿಯ ಜನಸಂಖ್ಯೆ 1.68 ಕೋಟಿ, ಎನ್‌ಡಿಎಂಸಿ ಗೆರೆಯೊಳಗೆ ಇದ್ದವರು ಎರಡೂವರೆ ಲಕ್ಷಕ್ಕೆ ಸ್ವಲ್ಪ ಹೆಚ್ಚು. ಟಿವಿಯಲ್ಲಿ ನೀವು ನೋಡುವ ದಿಲ್ಲಿ, ಅಂದರೆ ರಾಷ್ಟ್ರಪತಿ ಭವನ, ಇಂಡಿಯಾ ಗೇಟ್, ಮರಗಳ ಸಾಲಿನ ಅಗಲ ರಸ್ತೆ, ಇದೆಲ್ಲ ಆ 43 ಚದರ ಕಿಲೋಮೀಟರಿನ ದಿಲ್ಲಿ. ಚಾಣಕ್ಯಪುರಿಯ ಕರ್ನಾಟಕ ಭವನ, ಲೋಧಿ ಎಸ್ಟೇಟಿನ ದಿಲ್ಲಿ ಕನ್ನಡ ಶಾಲೆ ಎರಡೂ ಗೆರೆಯೊಳಗೇ ಇವೆ. ರಾಮಕೃಷ್ಣಪುರದಲ್ಲಿರುವ ದಿಲ್ಲಿ ಕರ್ನಾಟಕ ಸಂಘ ಗೆರೆಯಾಚೆ ಬರುತ್ತದೆ.

ಗೆರೆಯೊಳಗೆ ಕರೆಂಟು ಹಂಚುವವರೂ ಎನ್‌ಡಿಎಂಸಿಯವರೇ, ಜಲಮಂಡಳಿಯಿಂದ ಸಗಟಾಗಿ ನೀರು ಕೊಂಡು ಮನೆಮನೆಗೆ ಬಿಡುವವರೂ ಅವರೇ. ಆದರೆ ಅಲ್ಲಿ ಒಂದು ವಸ್ತು ಇಲ್ಲ: ಪಾಲಿಕೆ ಚುನಾವಣೆ. ಅಧ್ಯಕ್ಷರು ಕೇಂದ್ರ ಸರ್ಕಾರ ನೇಮಿಸುವ ಅಧಿಕಾರಿ. ಪರಿಷತ್ತಿನಲ್ಲಿ ಸಂಸದರು, ಶಾಸಕರು ಇದ್ದಾರೆ, ನಾಮಕರಣಗೊಂಡವರು ಇದ್ದಾರೆ. ವಾರ್ಡಿನಿಂದ ಆರಿಸಿ ಬಂದ ಕಾರ್ಪೊರೇಟರ್ ಅನ್ನುವ ಪ್ರಾಣಿ ಮಾತ್ರ ಇಲ್ಲ. ಸಾಮ್ರಾಜ್ಯದ ಕಾಲದಲ್ಲಿ ಎಳೆದ ಗೆರೆಯನ್ನು ಗಣರಾಜ್ಯವೂ ಅಳಿಸಲಿಲ್ಲ. 1994ರಲ್ಲಿ ಸಂಸತ್ತಿನ ಹೊಸ ಕಾಯಿದೆ ಮಾಡಿ ಇನ್ನಷ್ಟು ಗಟ್ಟಿ ಮಾಡಿತು.

ನಾನು 1979ರಲ್ಲಿ ಬಂದಾಗ ಸಿಕ್ಕಿದ್ದು ರಾಮಕೃಷ್ಣಪುರದಲ್ಲಿ ಒಂದು ಸಣ್ಣ ಕ್ವಾರ್ಟರ್ಸ್. ನಮ್ಮ ಕಚೇರಿಯಲ್ಲೇ ಇದ್ದ ಧಾರವಾಡ ಕಡೆಯ ಸ್ನೇಹಿತರೊಬ್ಬರಿಗೆ ಸರೋಜಿನಿ ನಗರದಲ್ಲಿ ಸಿಕ್ಕಿತ್ತು. ಸಂಬಳ ಒಂದೇ, ಬಸ್ಸು ಒಂದೇ, ಎರಡು ಮನೆಗಳ ನಡುವೆ ಎರಡು ಮೂರು ಕಿಲೋಮೀಟರ್. ಆದರೆ ಅವರು ಎನ್‌ಡಿಎಂಸಿ, ನಾನು ಮಹಾನಗರಪಾಲಿಕೆ. 1983ರ ನಂತರ ಪಾಲಿಕೆಗೆ ಮತ್ತೆ ಚುನಾವಣೆ ನಡೆದದ್ದು 1997ರಲ್ಲಿ. ನಮ್ಮ ಸೆಕ್ಟರಿನಲ್ಲಿ ಧ್ವನಿವರ್ಧಕಗಳ ಗದ್ದಲವೋ ಗದ್ದಲ. ಆ ಭಾನುವಾರ ಊಟಕ್ಕೆ ಬಂದಿದ್ದ ಅವರು ಬೆರಳಿನ ಶಾಯಿ ನೋಡಿ ನಕ್ಕರು: "ನಮಗ ಓಟಿಲ್ಲ, ನಿಮಗ ನೀರಿಲ್ಲ ನೋಡ್ರಿ." ತಮಾಷೆಗೆ ಹೇಳಿದ್ದು ನಿಜ. ಆದರೆ ದಿಲ್ಲಿಯ ಆಡಳಿತ ವಿಂಗಡಣೆಯ ಬಗ್ಗೆ ಇದಕ್ಕಿಂತ ಚುಟುಕಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಇನ್ನೊಂದು ಗೆರೆಯ ತಾರೀಖು ಕನ್ನಡಿಗರಿಗೆ ಬಾಯಿಪಾಠ: 1956ರ ನವೆಂಬರ್ 1. ನಮಗೆ ಅದು ಹರಿದು ಹಂಚಿಹೋಗಿದ್ದ ನಾಡು ಒಂದಾದ ದಿನ. ಸಂಘದಲ್ಲಿ ಬಾವುಟ ಹಾರಿಸಿ, ಮೈಸೂರುಪಾಕು ಹಂಚಿ, ನಾಟಕ ಆಡುವ ದಿನ. ದಿಲ್ಲಿಗೆ ಅದೇ ದಿನ ಕಳೆದುಕೊಂಡ ದಿನ. 1952ರಿಂದ ದಿಲ್ಲಿಗೆ ತನ್ನದೇ ವಿಧಾನಸಭೆ ಇತ್ತು, ಚೌಧರಿ ಬ್ರಹ್ಮಪ್ರಕಾಶ್ ಮೊದಲ ಮುಖ್ಯಮಂತ್ರಿಯಾಗಿದ್ದರು. ಕನ್ನಡ ಪ್ರದೇಶಗಳು ಒಂದಾಗಲಿ ಅಂದ ಫಜಲ್ ಅಲಿ ಆಯೋಗವೇ ದಿಲ್ಲಿಯ ವಿಷಯದಲ್ಲಿ, ರಾಷ್ಟ್ರದ ರಾಜಧಾನಿ ಕೇಂದ್ರದ ಕೈಯಲ್ಲಿರಬೇಕು, ಊರಿನವರಿಗೆ ಒಂದು ಮಹಾನಗರಪಾಲಿಕೆ ಸಾಕು ಅಂತ ಶಿಫಾರಸು ಮಾಡಿತು. ವಿಧಾನಸಭೆ ಹೋಯಿತು, ದಿಲ್ಲಿ ಕೇಂದ್ರಾಡಳಿತ ಪ್ರದೇಶವಾಯಿತು. 1958ರ ಏಪ್ರಿಲ್ 7ರಂದು ಪಾಲಿಕೆ ಬಂತು. ಅರುಣಾ ಅಸಫ್ ಅಲಿ ಮೊದಲ ಮೇಯರ್. ಹಳೇ ಪುರಸಭೆ, ಸುತ್ತಲಿನ ಸಣ್ಣಪುಟ್ಟ ಸಮಿತಿಗಳು, ಹಳ್ಳಿಗಳು ಎಲ್ಲವನ್ನೂ ಅದು ನುಂಗಿಕೊಂಡಿತು. ಎನ್‌ಡಿಎಂಸಿಯನ್ನೂ ಕಂಟೋನ್ಮೆಂಟನ್ನೂ ಮಾತ್ರ ಮುಟ್ಟಲಿಲ್ಲ.

ವಿಧಾನಸಭೆ ಮರಳಿ ಬಂದದ್ದು 1993ರಲ್ಲಿ. ಅದೂ ಅರ್ಧಂಬರ್ಧ. ಪೊಲೀಸು, ಸಾರ್ವಜನಿಕ ಸುವ್ಯವಸ್ಥೆ, ಜಮೀನು ಈ ಮೂರೂ ಕೇಂದ್ರದ ಕೈಯಲ್ಲೇ ಉಳಿದವು. ದಿಲ್ಲಿಯಲ್ಲಿ ಏನಾದರೂ ಅವಘಡವಾದಾಗ ಊರಿನಿಂದ ಫೋನ್ ಮಾಡಿ "ನಿಮ್ಮ ಮುಖ್ಯಮಂತ್ರಿ ಪೊಲೀಸರಿಗೆ ಹೇಳಬಾರದಾ?" ಅಂತ ಕೇಳುತ್ತಾರೆ. ಹೇಳಿದರೆ ಕೇಳುವವರು ಯಾರು? ಪೊಲೀಸ್ ಕಮಿಷನರ್ ಉತ್ತರ ಕೊಡಬೇಕಾದ್ದು ಕೇಂದ್ರ ಗೃಹ ಇಲಾಖೆಗೆ.

ಜಿಲ್ಲೆಗಳ ಕಥೆ ತಡವಾಗಿ ಶುರುವಾದದ್ದು. ಬಹಳ ಕಾಲ ಇಡೀ ದಿಲ್ಲಿಗೆ ಒಂದೇ ಕಂದಾಯ ಜಿಲ್ಲೆ. 1997ರಲ್ಲಿ ಅದನ್ನು ಒಂಬತ್ತು ಮಾಡಿದರು, 2012ರಲ್ಲಿ ಹನ್ನೊಂದು. ಆದರೆ ಜಿಲ್ಲೆಯ ಗೆರೆಗೂ ಪಾಲಿಕೆಯ ಹನ್ನೆರಡು ವಲಯಗಳ ಗೆರೆಗೂ ತಾಳಮೇಳ ಇರಲಿಲ್ಲ. ವಸಂತ ವಿಹಾರ ಮೊದಲು ನೈಋತ್ಯ ಜಿಲ್ಲೆಯಲ್ಲಿತ್ತು, 2012ರಲ್ಲಿ ನವದೆಹಲಿ ಜಿಲ್ಲೆಗೆ ಹೋಯಿತು, ಕಸ ಎತ್ತುವವರು ಮಾತ್ರ ಮಹಾನಗರಪಾಲಿಕೆಯವರಾಗಿಯೇ ಉಳಿದರು. ಅಂದರೆ ನವದೆಹಲಿ ಜಿಲ್ಲೆಯಲ್ಲಿದ್ದವರೆಲ್ಲ ಎನ್‌ಡಿಎಂಸಿಯವರಲ್ಲ! ಮದುವೆ ನೋಂದಣಿ, ಜಾತಿ ಪ್ರಮಾಣಪತ್ರಕ್ಕೆ ಎಸ್‌ಡಿಎಂ ಕಚೇರಿ, ಜನನ ಪ್ರಮಾಣಪತ್ರಕ್ಕೆ ಪಾಲಿಕೆ; ಎರಡರ ನಕ್ಷೆ ಎರಡು ದಿಕ್ಕಿಗೆ. ಹೊಸದಾಗಿ ಬಂದ ಕನ್ನಡದ ಹುಡುಗರಿಗೆ ಸಂಘದ ಹಿರಿಯರು ಮೊದಲು ಕಲಿಸುತ್ತಿದ್ದದ್ದು ಹಿಂದಿಯಲ್ಲ, ಯಾವ ಕಾಗದಕ್ಕೆ ಯಾವ ಕಚೇರಿ ಅನ್ನುವುದನ್ನು. ಕೊನೆಗೆ 2025ರ ಡಿಸೆಂಬರಿನಲ್ಲಿ ದಿಲ್ಲಿ ಸಚಿವ ಸಂಪುಟ ಜಿಲ್ಲೆಯ ಗೆರೆಗಳನ್ನು ಸ್ಥಳೀಯ ಸಂಸ್ಥೆಗಳ ಗೆರೆಗೆ ಹೊಂದಿಸಿ 13 ಜಿಲ್ಲೆ, 39 ಉಪವಿಭಾಗ ಮಾಡಲು ಒಪ್ಪಿತು. ಶಹದರಾ ಅನ್ನುವ ಜಿಲ್ಲೆ ಆ ಪಟ್ಟಿಯಲ್ಲಿ ಇಲ್ಲ. ಹುಟ್ಟಿ ಹದಿಮೂರು ವರ್ಷವಾಗಿತ್ತು ಅಷ್ಟೇ.

ಸರ್ಕಾರಿ ನೌಕರನಿಗೆ ಗೆರೆಯ ಬಿಸಿ ತಟ್ಟುವುದು ನಿವೃತ್ತಿಯ ದಿನ. ಕ್ವಾರ್ಟರ್ಸ್ ಬಿಡಬೇಕು. ಗೆರೆಯೊಳಗೆ ಕೊಳ್ಳಲು ಮನೆಯೇ ಇಲ್ಲ. ಇದ್ದರೂ ಅದರ ಬೆಲೆ ಕೇಳುವ ಧೈರ್ಯ ನಮಗಿಲ್ಲ. ನಾನು ಡಿಡಿಎ ಫ್ಲ್ಯಾಟ್ ಹಿಡಿದು ದ್ವಾರಕಾಗೆ ಬಂದೆ. ಸರೋಜಿನಿ ನಗರದ ಸ್ನೇಹಿತರು ನೋಯ್ಡಾಗೆ ಹೋದರು. ನೋಯ್ಡಾ ಅಂದರೆ ಉತ್ತರ ಪ್ರದೇಶ. ಮತಚೀಟಿ, ಕಾರಿನ ನಂಬರು ಎಲ್ಲ ಬದಲು. ಇನ್ನು ಕೆಲವರು ಹರಿಯಾಣದ ಗುರುಗ್ರಾಮಕ್ಕೆ. ಒಂದು ಕಾಲದಲ್ಲಿ ಸಂಜೆ ನಡೆದುಕೊಂಡು ಹೋಗಿ ಯಕ್ಷಗಾನ ನೋಡಿ ಬರುತ್ತಿದ್ದವರು ಮೂರು ರಾಜ್ಯಗಳಲ್ಲಿ ಹಂಚಿಹೋದೆವು. ಮೆಟ್ರೊ ಬಂದಿರದಿದ್ದರೆ ಸಂಘದ ಸಭಾಂಗಣದ ಅರ್ಧ ಕುರ್ಚಿ ಖಾಲಿ ಇರುತ್ತಿದ್ದವು. ಅವರಿದ್ದ ಸರೋಜಿನಿ ನಗರದ ಕ್ವಾರ್ಟರ್ಸುಗಳೂ ಬಹುಮಹಡಿ ಕಟ್ಟಲೆಂದು ನೆಲಸಮವಾದವು. 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಏಳು ಕಾಲೋನಿಗಳ ಮರುನಿರ್ಮಾಣದಲ್ಲಿ ಅದೂ ಒಂದು.

ಈಗ ಪಾಲಿಕೆಯನ್ನು ಒಡೆದ ಕಥೆ. ಇದನ್ನು ಬೆಂಗಳೂರಿನವರು ಕೇಳಲೇಬೇಕು. ಪಾಲಿಕೆ ತೀರಾ ದೊಡ್ಡದಾಯಿತು, ಆಡಳಿತ ಜನರ ಹತ್ತಿರ ಬರಲಿ ಅಂತ ಶೀಲಾ ದೀಕ್ಷಿತ್ ಸರ್ಕಾರ 2011ರಲ್ಲಿ ವಿಧಾನಸಭೆಯಲ್ಲಿ ಕಾಯಿದೆ ತಂದು ಅದನ್ನು ಉತ್ತರ, ದಕ್ಷಿಣ, ಪೂರ್ವ ಅಂತ ಮೂರು ಮಾಡಿತು. 2012ರಲ್ಲಿ ಮೂರಕ್ಕೂ ಚುನಾವಣೆಯಾಯಿತು: 104, 104, 64 ವಾರ್ಡು. ಮಾತು ಕೇಳಲು ಚೆನ್ನಾಗಿತ್ತು. ಆದರೆ ನಕ್ಷೆಯನ್ನು ಹಂಚಿದ ಹಾಗೆ ಆದಾಯವನ್ನು ಹಂಚಲು ಬರುವುದಿಲ್ಲ. ಶ್ರೀಮಂತ ಬಡಾವಣೆಗಳು, ದೊಡ್ಡ ಅಂಗಡಿ ಮಳಿಗೆಗಳು, ಮನೆ ತೆರಿಗೆ ಇದರ ದೊಡ್ಡ ಪಾಲು ದಕ್ಷಿಣಕ್ಕೆ ಹೋಯಿತು. ಪೂರ್ವಕ್ಕೆ ಬಂದದ್ದು ಯಮುನೆಯಾಚೆಯ ಇಕ್ಕಟ್ಟಿನ ಕಾಲೋನಿಗಳು, ಕಡಿಮೆ ತೆರಿಗೆ, ಜೊತೆಗೆ 1984ರಿಂದ ಬೆಳೆಯುತ್ತ ಬಂದ ಗಾಜಿಪುರದ ಕಸದ ಬೆಟ್ಟ. 1915ರಲ್ಲಿ ಅಂಟಿಸಿದ ತುಂಡು ಕಾಗದದ ಮೇಲೆ ಹೆಚ್ಚುಕಡಿಮೆ ಮತ್ತೆ ಬಿಡಿಯಾಯಿತು. 2015ರಿಂದ ಪೂರ್ವ ದಿಲ್ಲಿಯ ಪೌರಕಾರ್ಮಿಕರು ತಿಂಗಳುಗಟ್ಟಲೆ ಬಾಕಿಯಾದ ಸಂಬಳ ಕೇಳಿ ಮತ್ತೆ ಮತ್ತೆ ಮುಷ್ಕರ ಹೂಡಿದರು; ಕಸ ರಸ್ತೆಗೆ ಬಂತು, ವಿಷಯ ಹೈಕೋರ್ಟಿಗೂ ಹೋಯಿತು. ತಪ್ಪು ನಿಮ್ಮದು ಅಂತ ರಾಜ್ಯ ಸರ್ಕಾರ, ನೀವು ದುಡ್ಡು ಕೊಡಲಿಲ್ಲ ಅಂತ ಪಾಲಿಕೆ. ಹೊಲಸು ಎತ್ತುವವನ ಮನೆಯ ಒಲೆ ಯಾವ ನಕ್ಷೆಯಲ್ಲೂ ಇರಲಿಲ್ಲ. 2022ರಲ್ಲಿ ಸಂಸತ್ತೇ ಕಾಯಿದೆ ಮಾಡಿ ಮೂರನ್ನೂ ಮತ್ತೆ ಒಂದು ಮಾಡಿತು. ಮೇ 22ರಂದು ಒಂದೇ ಪಾಲಿಕೆ. ವಾರ್ಡುಗಳನ್ನು 272ರಿಂದ 250ಕ್ಕೆ ಇಳಿಸಿದರು. ಒಡೆದದ್ದು ವಿಧಾನಸಭೆ, ಕೂಡಿಸಿದ್ದು ಸಂಸತ್ತು. ಕೂಡಿಸುವಾಗ ರಾಜ್ಯ ಸರ್ಕಾರಕ್ಕಿದ್ದ ಅಧಿಕಾರಗಳನ್ನೂ ಕೇಂದ್ರ ತನ್ನತ್ತ ಎಳೆದುಕೊಂಡಿತು.

ಬೆಂಗಳೂರಿನಲ್ಲಿ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ದಿಲ್ಲಿಯಲ್ಲಿ ಇಲ್ಲದ ಒಂದು ಏರ್ಪಾಟು ಅಲ್ಲಿದೆ. ಐದರ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿದೆ. ಅದು ಐವರಿಗೂ ಸಮನಾಗಿ ಬಡಿಸುವ ಅಮ್ಮನಾಗುತ್ತದೋ, ಕಾರ್ಪೊರೇಟರುಗಳ ತಲೆಯ ಮೇಲೆ ಕೂತ ಇನ್ನೊಬ್ಬ ಯಜಮಾನನಾಗುತ್ತದೋ ನೋಡಬೇಕು. ಮಹದೇವಪುರ, ಕೆ.ಆರ್. ಪುರಗಳ ಐಟಿ ಕಟ್ಟಡಗಳೆಲ್ಲ ಅಲ್ಲಿ ಪೂರ್ವ ಪಾಲಿಕೆಯ ಪಾಲಾಗಿವೆ. ಆ ತೆರಿಗೆಯಲ್ಲಿ ಪಶ್ಚಿಮದ ಹಳೇ ಬಡಾವಣೆಗಳ ಪೌರಕಾರ್ಮಿಕರ ಸಂಬಳಕ್ಕೆ ಎಷ್ಟು ಬರುತ್ತದೆ ಅಂತ ಬೆಂಗಳೂರಿನ ನನ್ನ ಅಣ್ಣನ ಮಗನನ್ನು ಫೋನಿನಲ್ಲಿ ಕೇಳಿದೆ. "ಚಿಕ್ಕಪ್ಪ, ನಮ್ಮನೆ ಯಾವ ಪಾಲಿಕೆಗೆ ಬಂತು ಅಂತಲೇ ಇನ್ನೂ ನೋಡಿಲ್ಲ" ಅಂದ.